ಮಾವಾರ ಬೇವಿನ ನೆರಳು

ಕುಂದರ್ರಿ ಅತ್ತಿ, ಎದ್ರಿ ಯಾಕ? ಇವತ್ತೊಂದಿನ ಹೊಲಕ್ಕ ಹೋಗದಿದ್ರ ಏನಾತು? ಮಾವಾರ ಸಮಾಧಿಗೆ ನಾನೇ ನೀರು ಹಾಕಿ ಬರ್ತೀನಿ. ಹೂಂ, ಅದರ ಮ್ಯಾಲಿನ ಬೇವಿನ ಗಿಡಕ್ಕೂ ಒಂದು ತಂಬಿಗಿ... ಯಾಕ ಹಂಗ ನೋಡ್ತೀರಿ? ಚಾ ಆರತೈತಿ, ಕುಡೀರಿ ಮೊದಲ.

ಸೊಸಿ ಇವತ್ತ ಭಾಳ ಮಾತಾಡಾಕ ಹತ್ಯಾಳ ಅಂತೀರೇನು? ಏನ್ಮಾಡ್ಲಿ, ನಿಮ್ಮ ಮಗ ಅಂತೂ ಬಾಯಿನ ಬಿಡವಲ್ರು. ಹೊಲದಾಗ ಸೋಲಾರ್ ಪ್ಲೇಟು ನಿಂದ್ರಿಸಿದಾಗ ಎಷ್ಟ ಕುಣದಾಡಿದ್ರು! ಕರೆಂಟಿನ ಹಾದಿ ಕಾಯೂದಿಲ್ಲ, ರಾತ್ರಿ ಹಾವು-ಹುಳದಾಗ ಮೋಟರ್ ಚಾಲೂ ಮಾಡಾಕ ಓಡೂದಿಲ್ಲ... ಬದನಿ, ಹೀರಿ ಹೆಂಗ ಬಂದವು! ಕುಷ್ಟಗಿ ಸಂತ್ಯಾಗ ನಮ್ಮ ಬದನಿಕಾಯಿ ಹುಡುಕ್ಕೊಂಡ ಬರ್ತಿದ್ರು. ಹೌದಿಲ್ಲೋ?

ಆದ್ರ ಪ್ಲೇಟು ಕೂಡ್ರಿಸಿದ್ದು ಯುಗಾದಿ ಆದಮ್ಯಾಲ. ಆಗ ಸೂರ್ಯ ನೆತ್ತಿ ಮ್ಯಾಲಿದ್ದ. ದೀಪಾವಳಿಗೆ ದಕ್ಷಿಣಕ್ಕ ಸರಿತಾನ, ಬೇವಿನ ನೆರಳು ಪ್ಲೇಟಿನ ಮ್ಯಾಲ ಬೀಳತೈತಿ ಅಂತ ಯಾರಿಗೆ ಹೊಳದಿತ್ತು? ಒಂದ ಟೊಂಗಿ ನೆರಳು ಬಿದ್ರೂ ಮೋಟರ್ ಕೆಮ್ಮತೈತಿ. ಕಡೀ ಸಾಲಿಗೆ ನೀರ ಮುಟ್ಟವಲ್ದು, ಹೂ ಹಿಡದ ಬದನಿ ನಿಂತಲ್ಲೇ ಬಾಡಾಕ ಹತ್ಯಾವ. ಪ್ಲೇಟು ಆಕಡಿ ಸರಸ್ರಿ ಅಂದ್ರ, ಅದನ್ನ ಹಚ್ಚಿದ ಕಂಪನ್ಯಾವ 'ಕಾಂಕ್ರೀಟಿನ ಕಂಬ, ಮುಟ್ಟಂಗಿಲ್ಲ' ಅಂದ. ಟೊಂಗಿ ಸವರಿ ನೋಡಿದ್ರು, ನಿಮಗ ಗೊತ್ತೈತಿ. ಸಾಲಲಿಲ್ಲ.

ನನ್ನ ಕೈಯಾಗ ಏನೈತ್ರಿ? ಅತ್ಲಾಗ ಗಂಡ, ಇತ್ಲಾಗ ನೀವು... ಅಡಕೊತ್ತಿನಾಗ ಸಿಕ್ಕ ಅಡಕಿ ಆಗೀನಿ.

ಎಲ್ಲಿ ಹೊಂಟ್ರಿ ಮತ್ತ? ಬ್ಯಾಡ್ರಿ! ಬಿಸಲು ಭಾಳ... ಹೂಂ, ಮುಂಜಾನಿ ಬಿಸಲೇ. ಬ್ಯಾಳಿ ಆರಿಸಿ ಕೊಡ್ರಿ. ಆರಿಸಿದ್ದ ಐತಿ, ಇನ್ನೊಮ್ಮೆ ಆರಿಸ್ರಿ... ಓ, ಜಗಲಿ ಕಡೆ ಹೊಂಟೀರಿ? ಹೋಗ್ರಿ ಹೋಗ್ರಿ. ಸೆರಗಿನ ಗಂಟ ಯಾಕ ಬಿಚ್ಚಾಕ ಹತ್ತೀರಿ? ಮಾವಾರ ಫೋಟೋ ಮುಂದ ಏನಿಡ್ತೀರಿ ಅದು?

ಬೇವಿನ ಚಕ್ಕಿ... ಹಸೀ ಚಕ್ಕಿ.

ನಸಿಕಿನ್ಯಾಗ ಹಾಲಿಗೆ ಹೋಗೀರಿ ಅಂತ ತಿಳದಿದ್ದೆ. ಹೊಲಕ್ಕ ಹೋಗಿದ್ರೇನು? ಕೊಡ್ಲಿ ಹಾಕೂದು ಕಂಡ್ರೇನು? ಕಂಡೂ ಸುಮ್ಮನ ಬಂದ್ರಿ... ನಾ ಒದರೂದು ಕೇಳಕೋತ ಕುಂತ್ರಿ!

'ಅವ್ವನ್ನ ಮನ್ಯಾಗ ಹಿಡಕೋ' ಅಂದ್ರು, ಅತ್ತಿ. ನಾ ಬ್ಯಾಡ ಅಂದೆ. ನಿಮ್ಮಾಣಿ, ಬ್ಯಾಡ ಅಂತ...

ಹಂಗ ನೋಡಬ್ಯಾಡ್ರಿ.

ನಾ ಬ್ಯಾಡ ಅಂದಿಲ್ಲ. ಅವರಿಗೆ ಕೈ ಏಳವಲ್ದಾಗಿತ್ತು. ಅಪ್ಪನ ಗಿಡ ಅಂತ ಅಳಾಕ ಹತ್ತಿದ್ರು. ಬದನಿ ಕಣ್ಣ ಮುಂದ ಒಣಗತಿತ್ತು... ಕಡೀರಿ ಅಂದಾಕಿ ನಾನ.

ಬೈರಿ, ಅತ್ತಿ. ಒಂದ ಮಾತರ ಬೈರಿ...