ತುಟಿ ಮುಚ್ಚದ ಕೂಗು

...ಪ್ರಣತಿ ಅಂತೆ, ಪ್ರಣತಿ! ಅದು ನಿಮ್ಮ ಬೆಂಗಳೂರಿನವ್ರಿಗೆ. ಅವಳೂರು ಹಾರವಾಡಕ್ಕೆ ಹೋಗಿ ಕೇಳು, ಗಂಗಿ ಅಂದ್ರೇ ಗುರ್ತು ಹಿಡಿಯೂದು. ದಂಡೆ ಮೇಲೆ ಒಣಮೀನು ಮಗಚ್ತಾ ಇದ್ದ ಗಂಗಿ! ಎಂತಕ್ಕೆ ನಗ್ತೀ, ತಮಾ? ಸುಳ್ಳು ಹೇಳ್ತೆ ಅಂದ್ಕಂಡ್ಯಾ?

ಕೂತ್ಕೋ, ಉದಯ, ಕೂತ್ಕೋ. ಆ ಮೈಕು ಅಲ್ಲೇ ಇರಲಿ. ನಾಳೆ ಕಾರವಾರದಲ್ಲಿ ನಿಮ್ಮ ಡೈರೆಕ್ಟ್ರಮ್ಮ ಪ್ರಣತಿಗೆ ಸನ್ಮಾನ, ನಡುವೆ ನಂಗೂ ಒಂದು ಶಾಲು. "ನನ್ನ ಮೊದಲ ದನಿ ಕುಸುಮಕ್ಕ" ಹೇಳಿ ಅವಳೇ ಹೊದೆಸ್ತಾಳಂತೆ... ಅಕ್ಕ! ಇಪ್ಪತ್ತಾರು ವರ್ಷಕ್ಕೆ ಈಗ ನೆನಪಾಯ್ತು ಅಕ್ಕ! ಈ ಸದಾಶಿವಗಡದ ಮೇಲೆ ಗೋವಾಕ್ಕೆ ಎಷ್ಟು ಸಲ ಹೋದ್ಳೋ, ಒಂದು ದಿನ ಕಾರು ನಿಲ್ಸಿ ಚಾ ಕುಡೀಲಿಲ್ಲ.

ಅವಳು ನಟಿ ಆದದ್ದು ಹೆಂಗೆ, ಗೊತ್ತುಂಟಾ? ಶೂಟಿಂಗ್‌ನವ್ರು ಹಾರವಾಡಕ್ಕೆ ಬಂದ್ರು. ಹೀರೋಯಿನ್‌ಗೆ ಒಣಮೀನಿನ ವಾಸನೆ ಆಗ್ಲಿಲ್ಲ. ಮೂಗು ಮುಚ್ಕಂಡು ಕಾರಲ್ಲಿ ಕೂತವಳು ಇಳೀಲೇ ಇಲ್ಲ! ಡೈರೆಕ್ಟ್ರು ಸುತ್ತ ನೋಡಿದ್ರು, ಇವಳು ಕಂಡ್ಳು. ಅಷ್ಟೇ. ನಾತಕ್ಕೆ ಸಿಕ್ಕಿದ ಪಾರ್ಟು! ಮೋರೆ ಚಂದ ಇತ್ತು, ಇಲ್ಲ ಅನ್ನೂದಿಲ್ಲ. ದನಿ? ಅಯ್ಯಯ್ಯೋ... ಮೀನು ಕೂಗಿ ಮಾರಿದ ದನಿ. ಪ್ರೊಡ್ಯೂಸರ್ರು ಕಿವಿ ಮುಚ್ಕಂಡ್ರು. ಆವಾಗ ರೇಡಿಯೋ ನಾಟಕ ಮಾಡ್ತಿದ್ದ ನನ್ನ ಕರೆಸಿದ್ರು, ಡಬ್ಬಿಂಗಿಗೆ.

ಹದಿನೆಂಟು ಸಿನಿಮಾ, ತಮಾ! ಬಾಯಿ ಅವಳದು, ಮಾತು ನಂದು. ಅವಳು ಅಲ್ಲಿ ಮರ ಸುತ್ತಿದ್ಳು, ನಾನು ಕತ್ತಲೆ ಕೋಣೆಯಲ್ಲಿ ನಿಂತು ಏದುಸಿರು ಬಿಟ್ಟೆ. ಅವಳಿಗೆ ಮೂವತ್ತೈದು ದಾಟಿದ್ದೇ ತಡ, ಅತ್ತಿಗೆ ಪಾರ್ಟು. ಆಮೇಲೆ? ಹೀರೋನ ಅಮ್ಮ! ಅದೇ ಹೀರೋ, ನಾಕು ವರ್ಷದ ಹಿಂದೆ ಇವಳನ್ನ ಎತ್ಕಂಡು ಕುಣಿದವ! ರೋಸಿ ಹೋಗಿ ಡೈರೆಕ್ಟರ್ ಆದ್ಳು. ಆಗ್ಲಿ! ಮೊದಲನೇದು ಅಂಕೋಲೆಯಲ್ಲಿ ನೋಡಿದೆ ನಾನು. ಒಳಗೆ ಹನ್ನೊಂದು ಜನ, ಅದರಲ್ಲಿ ಮೂವರು ಮಳೆಗೆ ಹೆದರಿ ಬಂದವ್ರು. ನಗು ನಗು, ಈಗ ನಗು! ಎರಡನೇದಕ್ಕೆ ಪ್ರಶಸ್ತಿ ಬಂತು, ಹೌದಪ್ಪ, ಬಂತು. ಅದಕ್ಕೇ ಈಗ ಹೊಸ ಕಾನೂನು, ಅವಳ ಸಿನಿಮಾದಲ್ಲಿ ಡಬ್ಬಿಂಗೇ ಇಲ್ಲ! ಯಾರ ಬಾಯೋ ಅವರದೇ ದನಿ! ಕುಣೀಲಾರದವಳು ನೆಲ ಡೊಂಕು ಅಂದ್ಳಂತೆ. ನಮ್ಮಂಥವರ ಹೊಟ್ಟೆ ಮೇಲೆ ಕಾಲು, ಮತ್ತೆಂತದೂ ಅಲ್ಲ.

ಆದ್ರೆ ಜನಕ್ಕೆ ಇವತ್ತೂ ನೆನಪಿದ್ದದ್ದು ಎಂತದು ಹೇಳು? ಅವಳು ನಟಿಸಿದ ಮೊದಲ ಸಿನಿಮಾದ ಆ ಕೂಗು! ದಂಡೆಗೆ ತಾಯಿಯ ಹೆಣ ಬಂದು ಬೀಳ್ತದೆ, ಇವಳು ಓಡಿ ಬರ್ತಾಳೆ... ಬರೆದುಕೊಟ್ಟದ್ದು "ಅಮ್ಮಾ" ಅಂತ. ಈ ಪೆದ್ದಿ "ಆಯೀ" ಅಂತ ಕೂಗಿಬಿಟ್ಳು! ಮನೇಲಿ ಕರೆಯೂದೇ ಹಂಗಲ್ವಾ. ಬೆಂಗಳೂರಿನವ್ರು "ಏನು ಆಯ್ತಂತೆ?" ಅಂತ ಕೇಳಿದ್ರು! ಇನ್ನು ಡಬ್ಬಿಂಗಲ್ಲಿ "ಅಮ್ಮಾ" ಕೂರಿಸೂದು ಹೆಂಗೆ? ನೀನೇ ಸೌಂಡಿನವ, ನಿಂಗೆ ಹೇಳೂದು ಎಂತಕ್ಕೆ... "ಮ್ಮಾ" ಅನ್ಲಿಕ್ಕೆ ತುಟಿ ಮುಚ್ಚಬೇಕು. ಪರದೆ ಮೇಲೆ ಅವಳ ಬಾಯಿ ತೆರೆದೇ ಉಂಟು! ಕಡೆಗೆ ನಾನೇ ಕೂಗ್ದೆ. ನಮ್ಮ ಕಡೆ ಮಾತು ನಂಗೆ ಬಾರದಾ? ಒಂದೇ ಟೇಕು, ತಮಾ! ಕಾರವಾರದ ಟಾಕೀಸಲ್ಲಿ ಹೆಂಗಸ್ರು ಬಾಯಿಗೆ ಸೆರಗು ತುರುಕ್ಕಂಡು ಅತ್ರು. ಇವತ್ತೂ ಪೇಟೆಯಲ್ಲಿ ನನ್ನ "ಆಯಿ ಕುಸುಮಕ್ಕ" ಅಂತಾರೆ, ಸುಮ್ಮನೆಯಾ?

ಎಂತ? ನಾಳೆ ಸ್ಟೇಜಿನ ಮೇಲೆ ಕೂಗಬೇಕಾ? ಈಗ ಒಮ್ಮೆ ಕೂಗಿ ತೋರಿಸ್ಬೇಕಾ? ಏ, ಬೇಡ ಮಾರಾಯಾ! ಗಂಟಲು ಕಟ್ಟಿದೆ. ನಿನ್ನೆ ಐಸು ಹಾಕಿದ ಮುರುಗಲ ಶರಬತ್ತು ಕುಡಿದೆ, ಹಾಳಾದ್ದು... ಹಳೇದನ್ನೇ ಹಾಕಿ. ನಿನ್ನ ಮೊಬೈಲಲ್ಲಿ ಉಂಟಾ? ಹಾಕು, ಹಾಕು.

ಆಹಾ! ಕೇಳಿದ್ಯಾ? ಮತ್ತೊಮ್ಮೆ ಹಾಕು. ಕಡೆಗೆ ದನಿ ಹರೀತದಲ್ಲ, ಅಲ್ಲಿ ಕೇಳು! ಹಿಂದೆ ಹಾರವಾಡದ ತುಳಸಿದಾಸನ ದೋಣಿ, ಟುಕು ಟುಕು ಅಂತ... ಹಾಳು ದೋಣಿ, ನನ್ನ ದನಿಗೇ ಅಂಟ್ಕಂಡದೆ. ಸ್ಟುಡಿಯೋದವ್ರು ಎಷ್ಟು ತಿಣುಕಿದ್ರೂ ಬಿಡಿಸ್ಲಿಕ್ಕೆ ಆಗ್ಲಿಲ್ಲ!

...ಅದೇ ತುಂಡು ಎಂತಕ್ಕೆ ಮತ್ತೆ ಹಾಕ್ತೀ?

ಹಂಗೆ ಎಂತಕ್ಕೆ ನೋಡ್ತೀ? ದೋಣಿ ಸದ್ದು ಆಮೇಲೆ ಸೇರಿಸಿದ್ದು. ಹ್ಞಾ, ಆಮೇಲೆ! ಸೇರಿಸೂದಿಲ್ವಾ ನೀವು? ಬಿಡಿಸ್ಲಿಕ್ಕೆ ಆಗ್ಲಿಲ್ಲ ಅಂದದ್ದು... ಬಾಯಿ ತಪ್ಪಿ ಬಂತು. ಸ್ಟುಡಿಯೋದೊಳಗೆ ದೋಣಿ ಎಲ್ಲಿಂದ ಬಂತು ಅಂತ ಕೇಳೂದಾದ್ರೆ ಕೇಳು! ಬಾಯಿ ಬಿಟ್ಟು ಕೇಳು! ಹಿಂಗೆ ಕೂರಬೇಡ, ತಮಾ...

ಹೌದು. ಹದಿನೇಳು ಸಲ ಕೂಗ್ದೆ. ಹದಿನೇಳು ಸಲ! ಎಲ್ಲಾ ನೆಟ್ಟಗೇ ಬಂತು. ಒಂದರಲ್ಲೂ ಹೆಣ ಇರಲಿಲ್ಲ. ಕಡೆಗೆ ಶೂಟಿಂಗ್‌ನಲ್ಲಿ ಹಿಡಿದಿದ್ದ ಅವಳದೇ ಕೂಗು ಇಟ್ರು. ಹೆಸರು ನಂದು ಹಾಕಿದ್ರು. ನಾನು... ಬೇಡ ಅನ್ಲಿಲ್ಲ.

ಗಂಗಿಗೆ ಇದು ಗೊತ್ತಿಲ್ಲ. ನೀನೂ ಹೇಳೂದಿಲ್ಲ, ಅಲ್ಲ? ಅವಳಿಗೆ ಗೊತ್ತಿಲ್ಲ... ಅಲ್ವಾ ತಮಾ? ತಲೆ ಎಂತಕ್ಕೆ ತಗ್ಗಿಸ್ತೀ? ಏನು, ಮೊದಲಿಂದ್ಲೂ ಗೊತ್ತಿತ್ತಾ?

ಹೌದಲ್ಲ... ತನ್ನ ದನಿ ತನಗೆ ಗೊತ್ತಾಗದಿರ್ತದಾ? ಇಪ್ಪತ್ತಾರು ವರ್ಷ ಊರಿಗೆಲ್ಲ ಹೇಳ್ಕಂಡು ತಿರುಗಿದೆ ನಾನು. ಒಂದು ದಿನ, ಒಂದೇ ಒಂದು ದಿನ ಬಾಯಿ ಬಿಡ್ಲಿಲ್ಲಲ್ಲ ಅವಳು!