ಬಾನೆಟ್ಟಿನ ಮೇಲಿನ ಕಂಬಳಿ

ಶರಣರೇ, ತಾಯಂದಿರೇ, ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ, ಅವನ ಹತ್ತಿರ ಒಂದು ಹಳೇ ಡೀಸೆಲ್ ಜೀಪಿತ್ತು. ಹೊಸದು ಕೊಳ್ಳೋಕೆ ಆಗದೆ ಅಲ್ಲ, ತಂದೆ ಓಡಿಸಿದ ಗಾಡಿ ಅಂತ ಪ್ರೀತಿ. ಆಯುಧಪೂಜೆ ಬಂತೂ ಅಂದ್ರೆ ತಾನೇ ನಿಂತು ಒರೆಸೋನು, ಬಾನೆಟ್ ಎತ್ತಿ ಎಂಜಿನ್ನಿಗೂ ವಿಭೂತಿ ಇಡೋನು. ಭಕ್ತಿಗೇನೂ ಕಮ್ಮಿ ಇಲ್ಲ, ನೋಡಿ.

ಈ ಡೀಸೆಲ್ ಎಂಜಿನ್ನಿಗೆ ಒಂದು ಸ್ವಭಾವ. ಒಳಗೆ ಬಿಸಿ ಇದ್ದರೇ ಡೀಸೆಲ್ ಹತ್ತಿಕೊಳ್ಳೋದು. ಚಳಿಯ ಬೆಳಿಗ್ಗೆ ಎಂಜಿನ್ ತಣ್ಣಗೆ ಮಲಗಿರುತ್ತಲ್ಲ, ಆಗ ಒಳಗೆ ಕಾಯಿಸೋಕೆ ಅಂತ ನಾಲ್ಕು ಪುಟ್ಟ ಪ್ಲಗ್ ಇರುತ್ತವೆ. ಗ್ಲೋ ಪ್ಲಗ್ ಅಂತ ಹೆಸರು, ಗ್ಯಾರೇಜಿನವರ ಬಾಯಲ್ಲಿ ಹೀಟರ್ ಪ್ಲಗ್. ಕೀ ತಿರುಗಿಸಿದರೆ ಎದುರಿಗೆ ಒಂದು ಹಳದಿ ದೀಪ ಹತ್ತುತ್ತೆ. ಅದು ಆರೋವರೆಗೂ ಕಾದು ಆಮೇಲೆ ಸ್ಟಾರ್ಟ್ ಮಾಡಬೇಕು. ಸರಿ ತಾನೇ ಪುಟ್ಟಮಾದಣ್ಣ? ಅಗೋ, ಕಂಬಕ್ಕೆ ಒರಗಿ ಕೂತಿದ್ದಾರೆ, ಮೂವತ್ತು ವರ್ಷ ಟೆಂಪೋ ಓಡಿಸಿದವರು. ನಾನು ತಪ್ಪಿದರೆ ತಿದ್ದಲಿ. ಒಳ್ಳೇದು, ತಲೆ ಆಡಿಸಿದರು.

ಆ ಜೀಪಿಗೆ ಒಬ್ಬ ವಯಸ್ಸಾದ ಡ್ರೈವರ್. ಒಂದು ಧನುರ್ಮಾಸದಲ್ಲಿ ಅವನು ಹೇಳಿದ: "ಯಜಮಾನ್ರೇ, ಬೆಳಿಗ್ಗೆ ಹೊತ್ತು ಗಾಡಿ ಬಿಳೀ ಹೊಗೆ ಬಿಡ್ತದೆ, ಬೇಗ ಸ್ಟಾರ್ಟ್ ಆಗಲ್ಲ. ಹೀಟರ್ ಪ್ಲಗ್ ಹೋಗಿರ್ಬೇಕು. ಒಂದ್ಸಲ ತೋರಿಸಿಬಿಡೋಣ."

ಶ್ರೀಮಂತ ಏನು ಮಾಡಿದ? ಹೋಗಿ ಕೀ ತಿರುಗಿಸಿದ. ದೀಪ ಹತ್ತಿತು, ಆರಿತು. "ನೋಡಯ್ಯ, ದೀಪ ಸರಿಯಾಗೇ ಇದೆ! ಪ್ಲಗ್ಗಿಗೇನು ರೋಗ? ನಿನ್ನ ಸೋಮಾರಿತನಕ್ಕೆ ಗಾಡಿ ಮೇಲೆ ದೂರು ಹೇಳ್ತೀಯಾ?"

ವಾರ ಬಿಟ್ಟು ಡ್ರೈವರ್ ಇನ್ನೊಮ್ಮೆ ಹೇಳಿದ. ಅದೇ ದೀಪ, ಅದೇ ಉತ್ತರ. ಮೂರನೇ ಸಲ ಅವನು ಹೇಳಲಿಲ್ಲ. ನೀವಾಗಿದ್ದರೆ ಹೇಳ್ತಿದ್ರಾ? ನಾನಾಗಿದ್ದರೂ ಹೇಳ್ತಿರಲಿಲ್ಲ.

ಆಮೇಲೆ ಗಾಡಿ ತಂಟೆ ಮಾಡಲೇ ಇಲ್ಲ. ಎರಡು ಚಳಿಗಾಲ ಕಳೆಯಿತು. ಬೆಳಿಗ್ಗೆ ಆರಕ್ಕೆ ಯಜಮಾನ ಅಂಗಳಕ್ಕೆ ಬರೋ ಹೊತ್ತಿಗೆ ಡುರ್ ಅಂತ ಸ್ಟಾರ್ಟ್. "ನಾನು ಹೇಳಿರಲಿಲ್ವಾ, ಗಾಡಿ ಕಲ್ಲು ಇದ್ದ ಹಾಗಿದೆ" ಅಂತ ಮೀಸೆ ತಿರುವೋನು.

ಮೂರನೇ ಚಳಿಗಾಲ ಡ್ರೈವರಿಗೆ ಜ್ವರ ಬಂತು. ಎಂಟು ದಿವಸ ಮಲಗಿದ, ಗಾಡಿಯೂ ಅಂಗಳದಲ್ಲೇ ನಿಂತಿತ್ತು. ಒಂಬತ್ತನೇ ದಿವಸ ಯಜಮಾನನ ತಂಗಿ ಮಗಳ ಮದುವೆ, ಬೆಳಗಿನ ಮುಹೂರ್ತ. ಪಾಪ, ಡ್ರೈವರ್ ನಡುಗುತ್ತಲೇ ಬಂದ. ಕೀ ತಿರುಗಿಸಿದ, ದೀಪ ಹತ್ತಿತು, ಆರಿತು. ಎಂಜಿನ್ ಮಾತ್ರ ಏಳಲಿಲ್ಲ. ತಳ್ಳಿದರು, ನೂಕಿದರು. ಬೇರೆ ಗಾಡಿ ಹುಡುಕಿ ಹೋಗೋ ಹೊತ್ತಿಗೆ ಧಾರೆ ಮುಗಿದಿತ್ತು. ಸೋದರಮಾವನೇ ಇಲ್ಲದೆ ಧಾರೆ! ನೆಂಟರ ಎದುರು ತಲೆ ಎತ್ತೋಕಾಗಲಿಲ್ಲ. ಬಂದವನೇ ಡ್ರೈವರಿಗೆ ಹೇಳಿದ: "ನಿನ್ನ ಕೈಯಲ್ಲಿ ಇನ್ನು ಆಗಲ್ಲ. ನಾಳೆಯಿಂದ ಬರಬೇಡ."

ಡ್ರೈವರ್ ಕೀ ಜಗುಲಿ ಮೇಲೆ ಇಟ್ಟ. ಗೂಟಕ್ಕೆ ಹಾಕಿದ್ದ ತನ್ನ ಹಳೇ ಕಂಬಳಿ ಹೆಗಲಿಗೆ ಹಾಕಿಕೊಂಡ. ಹೋದ.

ಮಾರನೇ ದಿವಸ ಯಜಮಾನ ತಾನೇ ಕೂತ. ಆಗಲಿಲ್ಲ. ಜೀಪನ್ನ ಎಳೆಸಿಕೊಂಡು ಗ್ಯಾರೇಜಿಗೆ ಹೋದ. ಮೆಕ್ಯಾನಿಕ್ ಪ್ಲಗ್ಗುಗಳ ಮೇಲಿನ ಪಟ್ಟಿ ಬಿಚ್ಚಿದ. ಒಂದು ಸಣ್ಣ ಬಲ್ಬು, ಅದಕ್ಕೆ ಎರಡು ವೈರು. ಒಂದು ವೈರನ್ನ ಬ್ಯಾಟರಿಗೆ ಕೊಟ್ಟ, ಇನ್ನೊಂದನ್ನ ಪ್ಲಗ್ಗಿಗೆ ಮುಟ್ಟಿಸಿದ. ಮೊದಲನೇದು, ಬಲ್ಬು ಹತ್ತಲಿಲ್ಲ. ಎರಡನೇದು, ಹತ್ತಲಿಲ್ಲ. ಮೂರನೇದು, ಹತ್ತಲಿಲ್ಲ. ನಾಲ್ಕನೇದಕ್ಕೆ ಹತ್ತಿತು.

"ಮೂರು ಪ್ಲಗ್ ಸತ್ತು ವರ್ಷಗಳೇ ಆಗಿದೆ ಸಾರ್."

"ಮತ್ತೆ ಮುಂದೆ ದೀಪ ಹತ್ತಿ ಆರ್ತಿತ್ತಲ್ಲ?"

"ನಿಮ್ಮ ಗಾಡೀಲಿ ಆ ದೀಪ ಇಷ್ಟು ಹೊತ್ತು ಅಂತ ಹತ್ತಿ ಆರುತ್ತೆ, ಅಷ್ಟೇ. ಒಳಗೆ ಬಿಸಿ ಆಯ್ತೋ ಇಲ್ವೋ ಅದಕ್ಕೇನು ಗೊತ್ತು? ಅದಿರಲಿ, ಇಷ್ಟು ಚಳಿಗಾಲ ಈ ಗಾಡೀನ ಸ್ಟಾರ್ಟ್ ಮಾಡಿದ ಪುಣ್ಯಾತ್ಮ ಯಾರು?"

ಶ್ರೀಮಂತ ಆ ಪ್ರಶ್ನೆ ಹೊತ್ತುಕೊಂಡೇ ಡ್ರೈವರ್ ಮನೆಗೆ ಹೋದ. ಬಾಗಿಲಲ್ಲಿ ಅವನ ಹೆಂಡತಿ ಇದ್ದಳು. "ಅಯ್ಯೋ, ನಿಮಗೆ ಗೊತ್ತೇ ಇಲ್ವಾ? ಸಂಜೆ ಬರೋವಾಗ ಇವರು ತಮ್ಮ ಕಂಬಳಿ ಗಾಡಿಗೆ ಹೊದಿಸಿ ಬರ್ತಿದ್ರು. ಕೋಳಿ ಕೂಗೋ ಮೊದಲೇ ನಾನು ಹಂಡೇಲಿ ನೀರು ಕಾಯಿಸಿಕೊಡ್ತಿದ್ದೆ. ಹೊತ್ಕೊಂಡು ಹೋಗಿ ರೇಡಿಯೇಟರಿನ ತಣ್ಣೀರು ಇಳಿಸಿ ಬಿಸಿನೀರು ತುಂಬೋರು. ಮೊನ್ನೆ ಕೊಡ ಎತ್ತೋಕೆ ಶಕ್ತಿ ಇರ್ಲಿಲ್ಲ."

ಶ್ರೀಮಂತ ಚಪ್ಪಲಿ ಬಿಟ್ಟ. ಒಳಗೆ ಹೋಗಿ ಕೈ ಮುಗಿದ. "ತಪ್ಪಾಯ್ತು. ನಾಲ್ಕೂ ಹೊಸ ಪ್ಲಗ್ ಹಾಕಿಸ್ತೀನಿ, ಬಂದುಬಿಡು."

ಡ್ರೈವರ್ ಎದ್ದು ಕೂತು ಸಮಾಧಾನವಾಗೇ ಹೇಳಿದ: "ಗಾಡಿ ರಿಪೇರಿ ಆದ್ರೆ ನನಗೂ ಸಂತೋಷ ಯಜಮಾನ್ರೇ. ಆದ್ರೆ ಅದು ಏಳದೇ ಹೋದ ದಿವಸ ನೀವು ಪ್ಲಗ್ ಬಿಚ್ಚಿ ನೋಡ್ಲಿಲ್ಲ. ನನ್ನ ಕೆಲಸದಿಂದ ಬಿಡಿಸಿಬಿಟ್ರಿ. ನಾನು ಬರಲ್ಲ."

ಬರಲಿಲ್ಲ. ಕಥೆ ಅಷ್ಟೇ.

ಈಗ ನಗಬೇಡಿ, ಈ ಜೀಪು ನಿಮ್ಮ ಮನೆ ಅಂಗಳದಲ್ಲೂ ನಿಂತಿದೆ. ನಿಮ್ಮ ಮನೆ ದಿನಾ ಬೆಳಿಗ್ಗೆ ತಾನಾಗೇ ಸ್ಟಾರ್ಟ್ ಆಗುತ್ತೆ ಅಂದುಕೊಂಡಿದ್ದೀರಾ? ನೀವು ಏಳೋ ಮೊದಲೇ ಯಾರೋ ಬಿಸಿನೀರು ಹೊತ್ತಿದ್ದಾರೆ. ಹೆಂಡತಿಯೋ, ಸೊಸೆಯೋ, ಅಂಗಡಿ ಬಾಗಿಲು ತೆಗೆಯೋ ಆಳೋ. ಮುನ್ನೂರು ದಿವಸ ಅವರ ಮುಖ ನೋಡಲ್ಲ ನಾವು. ಒಂದು ದಿವಸ ಕಾಫಿ ತಡ ಆದರೆ ಆಗ ನೋಡ್ತೀವಿ, ಅದೂ ಗುರಾಯಿಸಿಕೊಂಡು. "ನನ್ನ ಕೈಲಿ ಆಗ್ತಿಲ್ಲ" ಅಂತ ಅವರು ಎರಡು ಸಲ ಹೇಳಿರ್ತಾರೆ. ನಾವು ದೀಪ ತೋರಿಸಿರ್ತೀವಿ: ಎಲ್ಲ ಚೆನ್ನಾಗೇ ನಡೀತಿದೆಯಲ್ಲ!

ನಾಳೆ ಬೆಳಿಗ್ಗೆ ಏನಾದರೂ ತಡ ಆದರೆ ಕೂತಲ್ಲಿಂದ ಕೂಗಬೇಡಿ. ಎದ್ದು ಒಳಗೆ ಹೋಗಿ. ಮೈ ಹುಷಾರಿದೆಯಾ ಅಂತ ಕೇಳಿ, ಆ ಕೊಡ ನೀವು ಎತ್ತಿ. ಮೂರನೇ ಸಲ ಅವರು ಹೇಳಲ್ಲ, ನೆನಪಿರಲಿ.

ನಾಳೆ ಯಾಕೆ, ಇವತ್ತೇ ಶುರು ಮಾಡಿ. ಈಗ ದಾಸೋಹ. ಚಳೀಲಿ ಎದ್ದು ಒಲೆ ಹಚ್ಚಿದವರು ಅಲ್ಲಿ ಅಡುಗೆಮನೆಯಲ್ಲಿದ್ದಾರೆ, ಈ ಮಾತು ಕೇಳೋಕೂ ಅವರಿಗೆ ಪುರುಸೊತ್ತು ಸಿಕ್ಕಿಲ್ಲ. ಮೊದಲ ಪಂಕ್ತೀಲಿ ಅವರನ್ನ ಕೂರಿಸಿ. ಮುಂದಿನ ಸಾಲಿನ ಯಜಮಾನರೇ, ಶಲ್ಯ ಪಕ್ಕಕ್ಕಿಡಿ, ಸೌಟು ಹಿಡೀರಿ. ನಾನೂ ಬರ್ತೀನಿ ಬಡಿಸೋಕೆ. ಏಳಿ.