ಮಾಜಿ ಅಧ್ಯಕ್ಷರ ನಾಮಿನೇಷನ್

ಹಲಸೂರಿನ ಟೀ ಅಂಗಡಿಯಲ್ಲಿ ಇಬ್ಬರು ಆಟೋ ಚಾಲಕರು ತಮ್ಮ ಸಂಘದ ಚುನಾವಣೆಯ ಮಾತಿಗೆ ಬಿದ್ದಿದ್ದರು. ಹಿರಿಯರು ದಸ್ತಗೀರ್, ಕಿರಿಯವನು ಈರೇಶ.

"ಮಾಜಿ ಅಧ್ಯಕ್ಷರು ಮತ್ತೆ ನಿಲ್ಲಬಾರದು ಅಂತ ತಕರಾರು ಕೊಟ್ಟಿದ್ದು ನೀವಂತೆ?" ಈರೇಶ ಕೇಳಿದ.

"ನಾನೇ. ಸಂಘಕ್ಕೆ ದ್ರೋಹ ಮಾಡಿದವನು ನಿಲ್ಲಂಗಿಲ್ಲ ಅಂತ ಬೈಲಾದಲ್ಲೇ ಐತೆ."

"ದ್ರೋಹ ಅಂತ ಯಾವ ಕೋರ್ಟ್ ಹೇಳ್ತಣ್ಣ?"

"ಅರೆ, ಹೋದ ಎಲೆಕ್ಷನ್ನಲ್ಲಿ ಸೋಲ್ತೀನಿ ಅಂತ ಗೊತ್ತಾದ ತಕ್ಷಣ ಓಟಿನ ಡಬ್ಬಾನ ಆಟೋಗೆ ಹಾಕ್ಕೊಂಡು ಓಡಿಹೋದ್ನಲ್ಲ! ಕೆ.ಆರ್. ಪುರದವರೆಗೂ ಅಟ್ಟಿಸ್ಕೊಂಡು ಹೋಗಿದ್ದು ನಾವೇ ತಾನೇ? ಕೋರ್ಟ್ ಬೇರೆ ಬೇಕಾ?"

"ಆದ್ರೂ ತಡೆಯೋಕೆ ನಾವ್ಯಾರು? ನಿಲ್ಲಲಿ ಬಿಡಿ, ಮೆಂಬರುಗಳೇ ತೀರ್ಮಾನ ಮಾಡ್ಲಿ."

ದಸ್ತಗೀರ್ ಲೋಟ ಕುಕ್ಕಿ ಎದ್ದರು. ಆಟೋ ಸ್ಟಾರ್ಟ್ ಮಾಡಿ, ಸದ್ದಿನ ಮೇಲೆ ಕೂಗಿದರು:

"ಹೋದ ಸಲಾನೂ ಮೆಂಬರುಗಳೇ ತೀರ್ಮಾನ ಮಾಡಿದ್ರು ಕಣೋ. ಅವನು ಹೊತ್ಕೊಂಡು ಓಡಿದ್ದು ಅದನ್ನೇ!"